ಒಂದು ಸಾವು, ಹತ್ತಾರು ಅರ್ಜಿ

ರೈತ ಕುಟುಂಬದ ಯಜಮಾನ ತೀರಿಕೊಂಡರೆ, ತಿಥಿ ಮುಗಿಯುವ ಹೊತ್ತಿಗೆ ಮನೆಯವರ ಪಾಲಿಗೆ ಇನ್ನೊಂದು ಕರ್ಮ ಶುರುವಾಗುತ್ತದೆ. ಮೊದಲು ಮರಣ ಪ್ರಮಾಣಪತ್ರ. ಸಾವನ್ನು 21 ದಿನಗಳೊಳಗೆ ನೋಂದಾಯಿಸಿದ್ದರೆ ಸಲೀಸು, ತಡವಾದರೆ ಶುಲ್ಕ, ಅಫಿಡವಿಟ್ಟು ಎಂದು ಕೆಲಸ ಬೆಳೆಯುತ್ತದೆ. ಅದು ಕೈಗೆ ಬಂದ ಮೇಲೆ ವಂಶವೃಕ್ಷ. ವಂಶವೃಕ್ಷ ಸಿಕ್ಕ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ. ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು, ಹೆಂಡತಿಗೆ ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು, ಕರೆಂಟ್ ಮೀಟರಿನ ಹೆಸರು ಬದಲಾಯಿಸಬೇಕು, ಬ್ಯಾಂಕಿನ ಖಾತೆ ಇತ್ಯರ್ಥ ಮಾಡಬೇಕು, ಸೊಸೈಟಿಯ ಬೆಳೆ ಸಾಲ ಯಾರ ತಲೆಗೆ ಎಂದು ಕೇಳಿಕೊಂಡು ಬರಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ದುಡಿಯುವ ವ್ಯಕ್ತಿ 18ರಿಂದ 59 ವರ್ಷದೊಳಗೆ ಸತ್ತರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಡಿ 20,000 ರೂಪಾಯಿ ಸಿಗುತ್ತದೆ. ಅದಕ್ಕೂ ಒಂದು ಅರ್ಜಿ. ಅಂಥ ಯೋಜನೆ ಇದೆ ಎಂದು ಯಾರಾದರೂ ಹೇಳಿದರೆ ಮಾತ್ರ.

ಇವುಗಳಲ್ಲಿ ಬಹುತೇಕ ಕೆಲಸಗಳು ಈಗ ಕಂಪ್ಯೂಟರಿನಲ್ಲೇ ಆಗುತ್ತವೆ. ಜನನ ಮರಣಕ್ಕೆ ಇ-ಜನ್ಮ, ಪ್ರಮಾಣಪತ್ರಗಳಿಗೆ ನಾಡಕಚೇರಿ, ಜಮೀನಿಗೆ ಭೂಮಿ, ರೇಷನ್‌ಗೆ ಆಹಾರ ಇಲಾಖೆಯ ತಾಣ. ಪ್ರತಿ ಇಲಾಖೆಯೂ ತನ್ನ ಪಾಲಿನ ಸೇವೆ ಆನ್‌ಲೈನ್ ಆಗಿದೆ ಎಂದು ಹೇಳಿಕೊಳ್ಳಬಹುದು, ಅದು ಸುಳ್ಳೂ ಅಲ್ಲ. ಆದರೆ ಆ ಮನೆಯ ಮಗ ಒಂದೇ ಮರಣ ಪ್ರಮಾಣಪತ್ರದ ಜೆರಾಕ್ಸ್ ಕಂತೆ ಹಿಡಿದು ಒಂದೊಂದು ಕೌಂಟರಿಗೂ ಹೋಗಿ ಅಪ್ಪ ಸತ್ತಿದ್ದಾನೆ ಎಂದು ಹೇಳುವುದು ತಪ್ಪಿಲ್ಲ. ಸಾವನ್ನು ದಾಖಲಿಸಿಕೊಂಡದ್ದು ಸರ್ಕಾರವೇ. ಆ ಸುದ್ದಿಯನ್ನು ಸರ್ಕಾರದ ಇನ್ನೊಂದು ಕೋಣೆಗೆ ಮುಟ್ಟಿಸುವ ಹೊರೆ ಮಾತ್ರ ಸತ್ತವನ ಮನೆಯವರದು.

ಬ್ರಿಟನ್ನಿನಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಅಲ್ಲಿ ಸಾವನ್ನು ನೋಂದಾಯಿಸಿದಾಗ ನೋಂದಣಾಧಿಕಾರಿ ಕುಟುಂಬಕ್ಕೆ ಒಂದು ಸಂಖ್ಯೆ ಕೊಡುತ್ತಾರೆ. ‘ಟೆಲ್ ಅಸ್ ಒನ್ಸ್’ ಎಂಬ ಸೇವೆಗೆ ಆ ಸಂಖ್ಯೆ ಹಿಡಿದು ಒಮ್ಮೆ ಆನ್‌ಲೈನಿನಲ್ಲೋ ಫೋನಿನಲ್ಲೋ ವಿವರ ಕೊಟ್ಟರೆ ಸಾಕು. ಪಿಂಚಣಿ, ತೆರಿಗೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಸ್ಥಳೀಯ ಆಡಳಿತ ಎಲ್ಲ ಕಡೆಗೂ ಸುದ್ದಿ ಹೋಗುತ್ತದೆ. ತಂತ್ರಜ್ಞಾನದ ದೃಷ್ಟಿಯಿಂದ ಇದರಲ್ಲಿ ಮಹಾ ಚಮತ್ಕಾರವೇನೂ ಇಲ್ಲ. ಇಲಾಖೆಯ ಕಡತದಿಂದ ಯೋಚನೆ ಶುರುಮಾಡದೆ ಸೂತಕದ ಮನೆಯಿಂದ ಶುರುಮಾಡಿದ್ದಾರೆ, ಅಷ್ಟೆ. ಡಿಜಿಟಲ್ ಆಡಳಿತದ ಮಾತು ಬಂದಾಗೆಲ್ಲ ಪೋರ್ಟಲ್ ಎಷ್ಟು, ಆ್ಯಪ್ ಎಷ್ಟು, ಸೇವೆ ಎಷ್ಟು ಎಂಬ ಲೆಕ್ಕ ಕೇಳಿಬರುತ್ತದೆ. ಜನರ ಅಲೆದಾಟ ಎಷ್ಟು ತಗ್ಗಿತು, ಸೇವೆಯನ್ನು ರೂಪಿಸುವಾಗ ಅವರ ಮಾತು ಎಷ್ಟು ನಡೆಯಿತು ಎಂಬ ಲೆಕ್ಕ ಅಷ್ಟಾಗಿ ಕೇಳುವುದಿಲ್ಲ.

ಈ ಎರಡನೆಯ ಲೆಕ್ಕದಲ್ಲಿ ಕರ್ನಾಟಕದ ಇತಿಹಾಸ ತೀರಾ ಬಡವಾದದ್ದೇನೂ ಅಲ್ಲ. ‘ಭೂಮಿ’ ಯೋಜನೆಯನ್ನೇ ನೋಡಬಹುದು. 2000ದ ಆಸುಪಾಸಿನವರೆಗೆ ಪಹಣಿ ಎಂದರೆ ಗ್ರಾಮ ಲೆಕ್ಕಾಧಿಕಾರಿಯ ಕೈಬರಹದ ಪುಸ್ತಕ. ರಾಜ್ಯದ ಸುಮಾರು ಒಂಬತ್ತು ಸಾವಿರ ಲೆಕ್ಕಾಧಿಕಾರಿಗಳ ಬಗಲಿನಲ್ಲಿ ರೈತರ ಹಕ್ಕು ಇರುತ್ತಿತ್ತು. ಸಾಲಕ್ಕೆ ಪಹಣಿ ಬೇಕೆಂದರೆ ಅವರು ಸಿಗಬೇಕು, ಸಿಕ್ಕರೆ ಮನಸ್ಸು ಮಾಡಬೇಕು, ಮನಸ್ಸು ಮಾಡಲು ಕೈ ಬೆಚ್ಚಗಾಗಬೇಕು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ನಿಂತ ಕಾಲಲ್ಲೇ ಪಹಣಿ ಸಿಗತೊಡಗಿತು. ಹಂತಹಂತವಾಗಿ ಕೈಬರಹದ ಪಹಣಿಯ ವಿತರಣೆಯನ್ನೇ ನಿಲ್ಲಿಸಿದರು. ಹಳೆಯ ದಾರಿ ತೆರೆದೇ ಇದ್ದರೆ ಹೊಸ ದಾರಿಯಲ್ಲಿ ಯಾರೂ ನಡೆಯುವುದಿಲ್ಲ ಎಂಬುದು ಆ ತಂಡಕ್ಕೆ ಗೊತ್ತಿತ್ತು.

ಆ ಕೌಂಟರಿನ ಎರಡು ಏರ್ಪಾಟುಗಳು ಇವತ್ತಿಗೂ ಪಾಠ ಹೇಳುವಂಥವು. ಒಂದು, ಸಿಬ್ಬಂದಿಯ ಎದುರಿನ ಪರದೆಯ ಜೊತೆಗೆ ಹೊರಗೆ ನಿಂತ ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆ. ಒಳಗೆ ಏನು ಟೈಪಾಗುತ್ತಿದೆ ಎಂಬುದು ಅವನಿಗೂ ಕಾಣಬೇಕು, ಹೆಸರು ತಪ್ಪಾದರೆ ಅಲ್ಲೇ ಹೇಳಬೇಕು. ಎರಡು, ಖಾತೆ ಬದಲಾವಣೆಯ (ಮ್ಯುಟೇಶನ್) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟಳೆ. ಗೌಡರ ಅರ್ಜಿಯನ್ನು ಮುಂದೆ ಎಳೆದು ಕೂಲಿಯವನ ಅರ್ಜಿಯನ್ನು ಕಡತದ ತಳಕ್ಕೆ ಸೇರಿಸಲು ತಂತ್ರಾಂಶ ಬಿಡುತ್ತಿರಲಿಲ್ಲ. ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೋಗಬೇಕಾದ್ದರಿಂದ, ಯಾರು ಯಾವ ದಾಖಲೆ ಮುಟ್ಟಿದರು ಎಂಬುದೂ ಉಳಿಯುತ್ತಿತ್ತು. ಲಂಚ ಎಲ್ಲಿ ಹುಟ್ಟುತ್ತದೆ ಎಂದು ಬಲ್ಲವರು ಕಟ್ಟಿದ ವ್ಯವಸ್ಥೆ ಅದು.

ಹಾಗೆಂದು ಭೂಮಿ ಎಲ್ಲರ ಕಷ್ಟ ನೀಗಿತೆಂದಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಕೆಲವು ವರ್ಷಗಳ ನಂತರ ನಡೆಸಿದ ಅಧ್ಯಯನ ಬೇರೆಯೇ ಮುಖವನ್ನು ತೋರಿಸಿತು. ಹಳ್ಳಿಯಲ್ಲಿದ್ದ ದಾಖಲೆ ತಾಲ್ಲೂಕು ಕೇಂದ್ರಕ್ಕೆ ಹೋದಾಗ ಸಣ್ಣ ಹಿಡುವಳಿದಾರನಿಗೆ ದೂರ ಹೆಚ್ಚಿತು, ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಮಾಹಿತಿ ಸುಲಭವಾಯಿತು ಎಂಬುದು ಅವರ ವಾದ. ಈ ವಾದವನ್ನು ಪೂರ್ತಿ ಒಪ್ಪದವರೂ ಒಂದು ಮಾತನ್ನು ಅಲ್ಲಗಳೆಯಲಾರರು. ಕಾಗದದ ಮೇಲಿನ ತಪ್ಪು ಕಂಪ್ಯೂಟರಿಗೆ ಹೋದಾಗ ಅದು ತಪ್ಪಾಗಿಯೇ ಉಳಿಯಿತು, ಮೇಲೆ ಮುದ್ರೆಯೂ ಬಿತ್ತು. ಗ್ರಾಮ ಲೆಕ್ಕಾಧಿಕಾರಿ ಪೆನ್ನಿನಲ್ಲಿ ತಿದ್ದಬಹುದಾಗಿದ್ದ ಒಂದಕ್ಷರಕ್ಕೆ ತಹಶೀಲ್ದಾರರ, ಉಪವಿಭಾಗಾಧಿಕಾರಿಯ ಕಚೇರಿ ಮೆಟ್ಟಿಲು ಹತ್ತಬೇಕಾಯಿತು. ಪೌತಿ ಖಾತೆಯ ಕತೆಯೂ ಹೀಗೆಯೇ. ಪಹಣಿ ನಿಮಿಷಗಳಲ್ಲಿ ಸಿಗುತ್ತದೆ, ಆದರೆ ಎಷ್ಟೋ ಪಹಣಿಗಳಲ್ಲಿ ಇರುವುದು ಸತ್ತ ಅಜ್ಜನ ಹೆಸರು. ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲ, ಕಾಗದ ಹೊಂದುವುದಿಲ್ಲ, ಖರ್ಚಿಗೆ ಹೆದರಿ ಯಾರೂ ಮುಂದೆ ಬರುವುದಿಲ್ಲ. ಖಾತೆ ಮೊಮ್ಮಗನ ಹೆಸರಿಗೆ ಬಾರದ ಹೊರತು ಬೆಳೆ ಸಾಲ, ಬೆಳೆ ವಿಮೆ, ಕಿಸಾನ್ ಸಮ್ಮಾನ್ ಒಂದೂ ಸಲೀಸಾಗಿ ಸಿಗದು. ಸರ್ಕಾರ ಪೌತಿ ಖಾತೆ ಆಂದೋಲನಗಳನ್ನೇ ನಡೆಸಬೇಕಾಗಿ ಬಂದದ್ದು ಇದಕ್ಕಾಗಿ.

ವೇಗದ ನಂತರ ಬಂದದ್ದು ಗಡುವು. ತೊಂಬತ್ತರ ದಶಕದಲ್ಲಿ ರಾಜ್ಯದ ಊರೂರುಗಳಲ್ಲಿ ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಸರ್ಕಾರಿ ಕಚೇರಿಗಳು ಅದನ್ನು ಬರೆದುಕೊಳ್ಳದೆಯೇ ಜನರ ಮೇಲೆ ಪ್ರಯೋಗಿಸುತ್ತಿದ್ದವು. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯ ಆಧಾರದ ಮೇಲೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಈ ಚಾಳಿಗೆ ಕಾನೂನಿನ ಮೂಗುದಾರ ಹಾಕಿತು. 11 ಇಲಾಖೆಗಳ 151 ಸೇವೆಗಳಿಂದ ಹೊರಟದ್ದು ಮುಂದೆ ಸಾವಿರ ಸೇವೆಗಳನ್ನು ದಾಟಿತು. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ, ಪ್ರತಿ ಸೇವೆಗೂ ಇಂತಿಷ್ಟು ದಿನ, ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಅದನ್ನು ತಪ್ಪಿತಸ್ಥ ಸಿಬ್ಬಂದಿಯಿಂದಲೇ ವಸೂಲು ಮಾಡಬೇಕು. ಮೊತ್ತ ಸಣ್ಣದು. ಆದರೆ ತಡವಾದರೆ ಬೆಲೆ ತೆರಬೇಕಾದವರು ಕಾದು ನಿಂತವರಲ್ಲ, ಕಾಯಿಸಿದವರು ಎಂಬ ಮಾತು ರಾಜ್ಯದ ಕಾನೂನಿನಲ್ಲಿ ಸೇರಿತು.

ಅಳತೆಗೋಲು ಯಾವುದೋ, ಕೆಲಸವೂ ಅದರಂತೆಯೇ ಬಾಗುತ್ತದೆ. ಗಡುವಿನೊಳಗೆ ವಿಲೇವಾರಿಯೇ ಮುಖ್ಯ ಎಂದಾದಾಗ, ಕೊನೆಯ ದಿನ ಯಾವುದೋ ಕಾಗದ ಇಲ್ಲವೆಂದು ಅರ್ಜಿಯನ್ನು ತಿರಸ್ಕರಿಸಿದರೂ ಅದು ವಿಲೇವಾರಿಯೇ ಆಯಿತು. ಪಟ್ಟಿಯಲ್ಲಿ ಬಾಕಿ ಸೊನ್ನೆ. ಅರ್ಜಿದಾರ ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಲ್ಲಬೇಕು. ಸಕಾಲದ ಬಗ್ಗೆ ಕೇಳಿಬರುತ್ತಾ ಬಂದಿರುವ ದೂರುಗಳಲ್ಲಿ ಇದೂ ಒಂದು. ಎಷ್ಟು ಅರ್ಜಿ ಮುಗಿಯಿತು ಎಂಬುದರ ಜೊತೆಗೆ ಎಷ್ಟು ಮಂದಿಗೆ ಮೊದಲ ಸಲಕ್ಕೇ ಕೆಲಸವಾಯಿತು ಎಂದು ಎಣಿಸಿದ್ದರೆ ಚಿತ್ರ ಬೇರೆಯಾಗುತ್ತಿತ್ತು.

ಸೇವೆಯನ್ನು ಬಳಸುವವರ ಕಡೆಯಿಂದ ನೋಡಬೇಕೆಂಬ ಪಾಠವನ್ನು ಬೇರೆ ದೇಶಗಳು ಕಲಿತದ್ದೂ ಪೆಟ್ಟು ತಿಂದ ಮೇಲೆಯೇ. ಅಮೆರಿಕದಲ್ಲಿ ಬರಾಕ್ ಒಬಾಮ ಅವರ ಆರೋಗ್ಯ ವಿಮಾ ಯೋಜನೆಯ ಜಾಲತಾಣ 2013ರ ಅಕ್ಟೋಬರ್ 1ರಂದು ತೆರೆಯಿತು. 36 ರಾಜ್ಯಗಳ ಜನ ಅದನ್ನು ಬಳಸಬೇಕಿತ್ತು. ಮೊದಲ ದಿನ ನೋಂದಣಿ ಪೂರ್ತಿ ಮಾಡಲು ಸಾಧ್ಯವಾದದ್ದು ಆರು ಮಂದಿಗೆ. ಕಾರಣಗಳು ಹಲವಿದ್ದವು. ಹತ್ತಾರು ಗುತ್ತಿಗೆದಾರ ಕಂಪನಿಗಳು, ಎಲ್ಲರ ಮೇಲೂ ಕಣ್ಣಿಡುವ ಒಬ್ಬ ಹೊಣೆಗಾರ ಇಲ್ಲ, ಉದ್ಘಾಟನೆಗೆ ಮುನ್ನ ಸರಿಯಾದ ಪರೀಕ್ಷೆ ಇಲ್ಲ. ಅವುಗಳಲ್ಲಿ ಒಂದು ಮಾತ್ರ ತಂತ್ರಜ್ಞರಲ್ಲದವರಿಗೂ ತಟ್ಟನೆ ಹೊಳೆಯುವಂಥದ್ದು. ಯಾವ ವಿಮೆಗೆ ಎಷ್ಟು ಬೆಲೆ ಎಂದು ಸುಮ್ಮನೆ ನೋಡಲು ಬಂದವರೂ ಮೊದಲು ಖಾತೆ ತೆರೆದು ಗುರುತು ಸಾಬೀತುಪಡಿಸಬೇಕಿತ್ತು. ಎಲ್ಲರೂ ಆ ಒಂದೇ ಕಿಂಡಿಯಲ್ಲಿ ಸಿಕ್ಕಿಕೊಂಡರು. ಹೊರಗಿನಿಂದ ಕರೆಸಿದ ತಂತ್ರಜ್ಞರು ಹಗಲಿರುಳು ಕೂತು ಅದನ್ನು ರಿಪೇರಿ ಮಾಡಿದರು. ಮರುವರ್ಷ ಅಂಥವರದೇ ಒಂದು ಕಾಯಂ ಪಡೆಯನ್ನು ಶ್ವೇತಭವನ ಕಟ್ಟಿಕೊಂಡಿತು.

ಬ್ರಿಟನ್ ಆ ಹೊತ್ತಿಗಾಗಲೇ ಬೇರೆ ದಾರಿ ಹಿಡಿದಿತ್ತು. 2010ರಲ್ಲಿ ಮಾರ್ಥಾ ಲೇನ್ ಫಾಕ್ಸ್ ನೀಡಿದ ವರದಿಯ ನಂತರ ಅಲ್ಲಿ ಗವರ್ನಮೆಂಟ್ ಡಿಜಿಟಲ್ ಸರ್ವಿಸ್ ಎಂಬ ತಂಡ ಹುಟ್ಟಿತು. 2012ರ ಅಕ್ಟೋಬರಿನಲ್ಲಿ ಅದು ಸರ್ಕಾರದ ಚದುರಿದ ತಾಣಗಳನ್ನು ಒಗ್ಗೂಡಿಸುವ ಒಂದೇ ತಾಣವನ್ನು ತೆರೆಯಿತು. ಆ ತಂಡದ ವಿನ್ಯಾಸ ಸೂತ್ರಗಳಲ್ಲಿ ಮೊದಲನೆಯದು ಅಗತ್ಯದಿಂದ ಶುರುಮಾಡಿ ಎಂಬುದು. ಅಗತ್ಯ ಎಂದರೆ ಬಳಸುವವರ ಅಗತ್ಯವೇ ಹೊರತು ಸರ್ಕಾರದ್ದಲ್ಲ ಎಂಬ ಅಡಿಟಿಪ್ಪಣಿಯನ್ನೂ ಅದಕ್ಕೆ ಸೇರಿಸಿದ್ದರು. ಇದು ಗೋಡೆಗೆ ಅಂಟಿಸುವ ಘೋಷಣೆಯಾಗಿ ಉಳಿಯಲಿಲ್ಲ. ಕಾಯಿಲೆಯವರನ್ನು, ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ಕೊಡುವ ಭತ್ಯೆಯ ಅರ್ಜಿಯನ್ನು ಮತ್ತೆ ರೂಪಿಸುವಾಗ ಒಂದೊಂದು ಪ್ರಶ್ನೆಯನ್ನೂ ಎತ್ತಿ ಹಿಡಿದು, ಇದನ್ನು ಏಕೆ ಕೇಳುತ್ತಿದ್ದೇವೆ, ಉತ್ತರ ಬಂದರೆ ಏನು ಮಾಡುತ್ತೇವೆ ಎಂದು ಇಲಾಖೆಯನ್ನು ವಿಚಾರಿಸಿದರು. ಸುಮಾರು ಅರ್ಧದಷ್ಟು ಪ್ರಶ್ನೆಗಳು ಅರ್ಜಿಯಿಂದ ಬಿದ್ದುಹೋದವು. ಹಾಸಿಗೆ ಹಿಡಿದ ತಾಯಿಯ ಪಕ್ಕ ಕೂತು ಅರ್ಜಿ ತುಂಬುವ ಮಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಕರ್ನಾಟಕದಲ್ಲಿ ಸೇವೆ ಬಳಸುವವರ ಅಗತ್ಯಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ ಬಹಿರಂಗವಾಗಿ ನಡೆದದ್ದು 2023ರ ಜುಲೈನಲ್ಲಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಯ ನೋಂದಣಿ ಶುರುವಾದಾಗ ಪ್ರತಿ ಮಹಿಳೆಗೂ ದಿನ, ಸಮಯ, ಸ್ಥಳವನ್ನು ಎಸ್ಸೆಮ್ಮೆಸ್ಸಿನಲ್ಲಿ ತಿಳಿಸುವ ಲೆಕ್ಕಾಚಾರವಿತ್ತು. ಕಾಗದದ ಮೇಲೆ ಅಚ್ಚುಕಟ್ಟಾದ ಯೋಜನೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ರೇಷನ್ ಕಾರ್ಡಿಗೆ ಕೊಟ್ಟ ನಂಬರ್ ಗಂಡನದು, ಮಗನದು, ಇಲ್ಲವೇ ಎಂದೋ ರೀಚಾರ್ಜ್ ನಿಂತುಹೋದ ಸಿಮ್ಮಿನದು. ಸಂದೇಶಕ್ಕೆ ಕಾಯುತ್ತ ಕೂತರೆ ತಮ್ಮ ಪಾಲು ತಪ್ಪೀತು ಎಂದು ಹೆಂಗಸರು ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ನೆರೆದರು. ಸರ್ವರ್ ಕೈಕೊಟ್ಟಿತು. ಸಂದೇಶಕ್ಕೆ ಕಾಯಬೇಕಿಲ್ಲ ಎಂದು ಸರ್ಕಾರ ನಿಯಮ ಸಡಿಲಿಸಿತು. ನೋಂದಣಿ ಮುಗಿದ ಮೇಲೂ ಅನೇಕರ ಹಣ ತಲುಪಲಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ, ಇ-ಕೆವೈಸಿ ಆಗಿಲ್ಲ, ರೇಷನ್ ಕಾರ್ಡಿನಲ್ಲಿ ಯಜಮಾನಿಯ ಜಾಗದಲ್ಲಿ ಇನ್ನೂ ಗಂಡನ ಹೆಸರಿದೆ, ಒಂದು ಕಡೆ ಇನಿಷಿಯಲ್ ಇದ್ದರೆ ಇನ್ನೊಂದು ಕಡೆ ಇಲ್ಲ.

ಹೆಸರಿನ ಈ ತೊಡಕು ಮೇಲ್ನೋಟಕ್ಕೆ ಕ್ಷುಲ್ಲಕ. ಆದರೆ ಅದೆಷ್ಟು ಅರ್ಜಿಗಳನ್ನು ನುಂಗಿದೆಯೆಂಬುದು ಸೇವಾ ಕೇಂದ್ರದ ಆಪರೇಟರುಗಳಿಗೆ ಚೆನ್ನಾಗಿ ಗೊತ್ತು. ಪಹಣಿಯಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು ಬರುತ್ತದೆ. ಆಧಾರಿನಲ್ಲಿ ಎಷ್ಟೋ ಸಲ ಇರುವುದು ಇನಿಷಿಯಲ್. ಶಾಲೆಯ ದಾಖಲೆಯಲ್ಲಿ ಮೇಷ್ಟ್ರು ಬರೆದುಕೊಂಡದ್ದು ಮತ್ತೊಂದು. ಮೂರೂ ಒಬ್ಬರದೇ ಎಂದು ಊರಿಗೆಲ್ಲ ಗೊತ್ತು, ತಂತ್ರಾಂಶಕ್ಕೆ ಗೊತ್ತಿಲ್ಲ. ಗ್ರಾಮ ಒನ್‌ನ ಒಬ್ಬ ಅನುಭವಿ ಆಪರೇಟರನ್ನು ತಂತ್ರಾಂಶ ಬರೆಯುವವರ ಪಕ್ಕ ಒಂದು ವಾರ ಕೂರಿಸಿದ್ದರೆ ಇಂಥ ತೊಡಕುಗಳ ಪಟ್ಟಿ ಮೊದಲೇ ಸಿಗುತ್ತಿತ್ತು. ಆ ಕುರ್ಚಿ ಹಾಕುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ.

ಅರ್ಜಿಯೇ ಬೇಡ ಎನ್ನುವಷ್ಟು ದೂರ ಹೋದ ಉದಾಹರಣೆಯೂ ರಾಜ್ಯದಲ್ಲಿದೆ. 2021ರಲ್ಲಿ ‘ಮನೆ ಬಾಗಿಲಿಗೆ ಮಾಸಾಶನ’ ಎಂಬ ಅಭಿಯಾನ ಹೊರಟಾಗ ಅದರ ತರ್ಕ ಸರಳವಾಗಿತ್ತು. ಯಾರಿಗೆ 60 ವರ್ಷ ತುಂಬಿತು ಎಂಬುದು ಆಧಾರಿನಿಂದ ತಿಳಿಯುತ್ತದೆ, ಯಾರು ಬಡವರು ಎಂಬುದು ಬಿಪಿಎಲ್ ಕಾರ್ಡಿನಿಂದ ತಿಳಿಯುತ್ತದೆ. ಅಂದಮೇಲೆ ಮುದುಕರು ಕಚೇರಿಗೆ ಬಂದು ತಮಗೆ ವಯಸ್ಸಾಗಿದೆ ಎಂದು ಸಾಬೀತುಪಡಿಸುವುದೇಕೆ? ಕಂದಾಯ ಸಿಬ್ಬಂದಿಯೇ ಪಟ್ಟಿ ಹಿಡಿದು ಮನೆಗೆ ಹೋಗಿ ಮಂಜೂರಾತಿ ಕೊಡಬೇಕು. ಜಮೀನು ನೋಂದಣಿಯಾದೊಡನೆ ಉಪನೋಂದಣಾಧಿಕಾರಿ ಕಚೇರಿಯಿಂದ ಭೂಮಿಗೆ ತಾನಾಗಿ ಹೋಗುವ ಜೆ-ಸ್ಲಿಪ್, ವಿದ್ಯಾರ್ಥಿವೇತನಕ್ಕೆ ಜಾತಿ ಆದಾಯ ಪ್ರಮಾಣಪತ್ರದ ಪ್ರತಿಯ ಬದಲು ಅದರ ಮೇಲಿನ ಆರ್‌ಡಿ ನಂಬರ್ ಕೊಟ್ಟರೆ ಸಾಕೆಂಬ ಏರ್ಪಾಟು, ಇವೂ ಇದೇ ಜಾತಿಯವು. ಸರ್ಕಾರಕ್ಕೆ ಗೊತ್ತಿರುವುದನ್ನು ಸರ್ಕಾರ ಜನರನ್ನು ಮತ್ತೆ ಕೇಳುವುದಿಲ್ಲ.

ಈ ತತ್ವವನ್ನು ಕಾನೂನಿನ ಮಟ್ಟಕ್ಕೆ ಏರಿಸಿದ ದೇಶ ಎಸ್ಟೋನಿಯಾ. 2001ರಿಂದ ಅಲ್ಲಿ ಸರ್ಕಾರಿ ದತ್ತಾಂಶಗಳು ಎಕ್ಸ್-ರೋಡ್ ಎಂಬ ಜಾಲದ ಮೂಲಕ ಒಂದಕ್ಕೊಂದು ಮಾತಾಡುತ್ತವೆ. ಒಂದು ಇಲಾಖೆಯಲ್ಲಿ ಇರುವ ಮಾಹಿತಿಗೆ ಇನ್ನೊಂದು ಇಲಾಖೆ ಬೇರೆ ಕಣಜ ಕಟ್ಟುವಂತಿಲ್ಲ. 2019ರಿಂದ ಮಗು ಹುಟ್ಟಿದ ಮನೆಯವರು ಕುಟುಂಬ ಭತ್ಯೆಗೆ ಅರ್ಜಿ ಹಾಕುವುದಿಲ್ಲ, ಸರ್ಕಾರವೇ ಇಷ್ಟು ಸಿಗುತ್ತದೆ, ಒಪ್ಪಿಗೆಯೇ ಎಂದು ಕೇಳುತ್ತದೆ. ಇದರ ಜೊತೆಯಲ್ಲೇ ಇನ್ನೊಂದು ಬಾಗಿಲನ್ನೂ ಇಟ್ಟಿದ್ದಾರೆ. ತಮ್ಮ ವಿವರವನ್ನು ಯಾವ ಇಲಾಖೆ ಯಾವಾಗ ನೋಡಿತು ಎಂಬುದನ್ನು ಪ್ರಜೆಗಳು ತಾವೇ ನೋಡಬಹುದು. ಕುಟುಂಬದ ವಿವರವನ್ನೆಲ್ಲ ಒಂದೆಡೆ ಜೋಡಿಸುವ ‘ಕುಟುಂಬ’ ವ್ಯವಸ್ಥೆ ಕಟ್ಟಿರುವ ಕರ್ನಾಟಕ ಎಸ್ಟೋನಿಯಾದ ಮೊದಲ ಬಾಗಿಲನ್ನು ತೆರೆದಷ್ಟು ಉತ್ಸಾಹದಿಂದ ಎರಡನೆಯದನ್ನೂ ತೆರೆಯಬೇಕು. ಪಟ್ಟಿಗೆ ತಾನಾಗಿ ಹೆಸರು ಸೇರಿಸುವ ಯಂತ್ರಕ್ಕೆ ತಾನಾಗಿ ಹೆಸರು ತೆಗೆಯುವ ಶಕ್ತಿಯೂ ಇರುತ್ತದೆ. ತೆಗೆದದ್ದೇಕೆ ಎಂದು ಕೇಳಲು ಜಾಗ ಬೇಕಲ್ಲ.

ಆ ಜಾಗವನ್ನು ಹೋರಾಡಿ ಪಡೆದುಕೊಂಡವರು ರಾಜಸ್ಥಾನದ ಹಳ್ಳಿಗರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮುಂತಾದವರಿದ್ದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1990ರಲ್ಲಿ ರಾಜಸಮಂದ್ ಜಿಲ್ಲೆಯ ದೇವ್‌ಡುಂಗರಿ ಎಂಬ ಸಣ್ಣ ಊರಿನಿಂದ ಹೊರಟಿತು. 1994ರ ಡಿಸೆಂಬರಿನಲ್ಲಿ ಕೋಟ್‌ಕಿರಾನಾದಲ್ಲಿ ಮೊದಲ ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ ನಡೆಯಿತು. ಕೂಲಿಯ ಮಸ್ಟರ್ ರೋಲನ್ನು ಊರಿನ ನಡುವೆ ಗಟ್ಟಿಯಾಗಿ ಓದಿದರು. ಯಾರ ಹೆಸರಿಗೆ ಎಷ್ಟು ಕೂಲಿ ಬರೆದಿದೆ, ಅವರಿಗೆ ಸಿಕ್ಕಿದ್ದೆಷ್ಟು ಎಂಬುದು ಎಲ್ಲರೆದುರು ಬಯಲಾಯಿತು. 1996ರಲ್ಲಿ ಬ್ಯಾವರಿನಲ್ಲಿ 40 ದಿನಗಳ ಧರಣಿ ನಡೆಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಹಿಂದೆ ಈ ಹೋರಾಟದ ಬಲವಿದೆ.

ಅದೇ ಬಳಗ ಕಂಪ್ಯೂಟರ್ ಯುಗಕ್ಕೆ ಕಾಲಿಟ್ಟಾಗ ಕೇಳಿದ್ದು ಇಷ್ಟೇ. ಸರ್ಕಾರದ ಬಳಿ ಮಾಹಿತಿಯೆಲ್ಲ ಈಗ ಡಿಜಿಟಲ್ ರೂಪದಲ್ಲೇ ಇರುವಾಗ ಅದಕ್ಕೆ ಒಬ್ಬೊಬ್ಬರೂ ಅರ್ಜಿ ಹಾಕುವುದೇಕೆ? ಕೇಳುವ ಮೊದಲೇ ಮಾಹಿತಿ ಕೊಡಬೇಕೆಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ರಾಜಸ್ಥಾನದ ಮಾಹಿತಿ ತಂತ್ರಜ್ಞಾನ ಇಲಾಖೆ ಮತ್ತು ಜನಸಂಘಟನೆಗಳು ‘ಡಿಜಿಟಲ್ ಸಂವಾದ’ ಎಂಬ ಹೆಸರಿನಲ್ಲಿ ಮತ್ತೆ ಮತ್ತೆ ಎದುರುಬದುರು ಕೂತವು. ಯಾವ ಯೋಜನೆಯ ಯಾವ ವಿವರ ಬೇಕು, ಅದನ್ನು ಪಂಚಾಯಿತಿವಾರು ತೋರಿಸಬೇಕೇ, ವಾರ್ಡುವಾರು ತೋರಿಸಬೇಕೇ ಎಂದು ಹೇಳಿದವರು ಹಳ್ಳಿಗಳಲ್ಲಿ ರೇಷನ್, ಪಿಂಚಣಿಯ ಜಗಳ ಕಂಡವರು. 2019ರ ಸೆಪ್ಟೆಂಬರ್ 13ರಂದು 13 ಇಲಾಖೆಗಳ 23 ಯೋಜನೆಗಳೊಂದಿಗೆ ‘ಜನ ಸೂಚನಾ ಪೋರ್ಟಲ್’ ತೆರೆಯಿತು. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ. ತನ್ನ ಊರಿನ ನ್ಯಾಯಬೆಲೆ ಅಂಗಡಿಗೆ ಈ ತಿಂಗಳು ಎಷ್ಟು ಗೋಧಿ ಬಂತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಇದೇ ಜಾಡಿನಲ್ಲಿ ಕರ್ನಾಟಕ ‘ಮಾಹಿತಿ ಕಣಜ’ವನ್ನು ತಂದಿದೆ. ಇಂಥ ತಾಣಗಳಲ್ಲಿ ಫಲಾನುಭವಿಗಳ ಖಾಸಗಿ ವಿವರ ಎಷ್ಟರ ಮಟ್ಟಿಗೆ ಬಯಲಿಗೆ ಬರಬಹುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೂ ಉತ್ತರ ಹುಡುಕಬೇಕಾದದ್ದು ಅಂಥ ಸಂವಾದದ ಮೇಜಿನಲ್ಲೇ.

ಜನರ ಪಾಲ್ಗೊಳ್ಳುವಿಕೆ ಎಂದರೆ ತಾಣದ ಮೂಲೆಯಲ್ಲಿ ಅಭಿಪ್ರಾಯ ತಿಳಿಸಿ ಎಂಬ ಗುಂಡಿ ಇಡುವುದೆಂದು ತಿಳಿದವರಿಗೆ ರಾಜಸ್ಥಾನ ಒಳ್ಳೆಯ ಉತ್ತರ. ಸೇವೆಯಿಂದ ಹೊರಗುಳಿದವರು ಆ ಗುಂಡಿಯನ್ನು ಒತ್ತುವುದೇ ಇಲ್ಲ. ಕಲ್ಲು ಒಡೆದು, ಬತ್ತ ನಾಟಿ ಮಾಡಿ ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಹಿಡಿಯುವುದಿಲ್ಲ. ನೆಟ್‌ವರ್ಕ್ ಇಲ್ಲದ ಮಲೆನಾಡಿನ ಊರಿನವರಿಗೆ ಓಟಿಪಿ ಬರುವುದು ಗುಡ್ಡ ಹತ್ತಿದಾಗ. ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿಯಿಂದ ದಿನಕ್ಕೆರಡು ಸಲ ಫೋಟೊ ಹಾಜರಿ ಕಡ್ಡಾಯವಾದಾಗ, ಮೈಮುರಿದು ದುಡಿದವರ ಕೂಲಿ ಆ್ಯಪ್ ಕೈಕೊಟ್ಟ ಕಾರಣಕ್ಕೆ ತಪ್ಪಿದ ದೂರುಗಳು ದೇಶದ ಹಲವೆಡೆಯಿಂದ ಬಂದವು. ಹಾಜರಿ ಕಳ್ಳತನ ತಡೆಯುವುದು ಸರ್ಕಾರದ ಅಗತ್ಯ, ಸರಿಯೇ. ದುಡಿದವರಿಗೆ ಕೂಲಿ ಸಿಗುವುದು ಯಾರ ಅಗತ್ಯ?

ಡಿಜಿಟಲ್ ಸೇವೆಯಿಂದ ಯಾರೂ ಹೊರಗುಳಿಯಬಾರದೆಂಬ ಮಾತಿಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಕಾನೂನಿನ ಬಲ ಕೊಟ್ಟಿತು. ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿ ಇಲ್ಲದವರು ತಂದ ಅರ್ಜಿಗಳವು. ಬ್ಯಾಂಕಿನ ಡಿಜಿಟಲ್ ಕೆವೈಸಿಯಲ್ಲಿ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಿ ಬದುಕಿದ್ದೇನೆಂದು ತೋರಿಸಬೇಕಿತ್ತು. ದಾಳಿಯಲ್ಲಿ ರೆಪ್ಪೆಯನ್ನೇ ಕಳೆದುಕೊಂಡವರು ಏನು ಮಾಡಬೇಕು? ಡಿಜಿಟಲ್ ಸೇವೆಗಳನ್ನು ಎಲ್ಲರೂ ಬಳಸುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲ ಮತ್ತು ಆರ್. ಮಹಾದೇವನ್ ಅವರ ಪೀಠ, 20 ನಿರ್ದೇಶನಗಳನ್ನು ಕೊಟ್ಟಿತು. ಕಣ್ಣು ಮಿಟುಕಿಸುವುದಕ್ಕೆ ಬದಲಿ ದಾರಿ ಇರಬೇಕೆಂಬುದೂ ಅವುಗಳಲ್ಲಿ ಸೇರಿದೆ. ಆ ಕೆವೈಸಿಯನ್ನು ರೂಪಿಸಿದವರಿಗೆ ಕೆಟ್ಟ ಉದ್ದೇಶವೇನೂ ಇದ್ದಿರಲಾರದು. ರೆಪ್ಪೆ ಕಳೆದುಕೊಂಡವರೊಬ್ಬರನ್ನು ಮೊದಲೇ ಕರೆದು ಪರೀಕ್ಷಿಸಿ ನೋಡಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಪ್ರಮೇಯ ಬರುತ್ತಿರಲಿಲ್ಲ.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಇಲಾಖೆಗಳು ಮಾಡಬೇಕಾದ ಕೆಲಸ ಅಷ್ಟೇನೂ ಗೂಢವಲ್ಲ, ದುಬಾರಿಯೂ ಅಲ್ಲ. ಹೊಸ ಸೇವೆಯನ್ನು ವಿಧಾನಸೌಧದಲ್ಲಿ ಉದ್ಘಾಟಿಸುವ ಮೊದಲು ಎರಡು ಮೂರು ಹೋಬಳಿಗಳಲ್ಲಿ ಓಡಿಸಿ ನೋಡಬೇಕು. ನೋಡುವಾಗ ಚುರುಕಾದ ಯುವಕರನ್ನು ಆರಿಸಿಕೊಳ್ಳದೆ, ಓದು ಬಾರದ ಮುದುಕಿ, ಕಣ್ಣು ಕಾಣದ ವಿದ್ಯಾರ್ಥಿ, ಕೀಪ್ಯಾಡ್ ಫೋನಿನ ಕೂಲಿಕಾರ ಇವರನ್ನು ಕೂರಿಸಬೇಕು. ಅರ್ಜಿಯ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದನ್ನು ಕೇಳುವ ಕಾರಣವನ್ನು ಬರೆದಿಡಬೇಕು, ಕಾರಣ ಸಿಗದಿದ್ದರೆ ಪ್ರಶ್ನೆಯನ್ನು ಅಳಿಸಬೇಕು. ತಿರಸ್ಕೃತ ಅರ್ಜಿಗಳ ಸಂಖ್ಯೆಯನ್ನು ಕಾರಣ ಸಮೇತ ತಾಲ್ಲೂಕುವಾರು ಪ್ರಕಟಿಸಬೇಕು. ಯಂತ್ರ ಕೈಕೊಟ್ಟ ದಿನ ಕಾಗದದಲ್ಲಿ ಕೆಲಸ ಮಾಡಿಕೊಡುವ ಅಧಿಕಾರ ಕೌಂಟರಿನಲ್ಲಿ ಕೂತವರಿಗಿರಬೇಕು. ಮರಣ ನೋಂದಣಿಯಾದ ಕೂಡಲೇ ಪೌತಿ ಖಾತೆ, ವಿಧವಾ ವೇತನ, ಕುಟುಂಬ ಸಹಾಯದ ಪ್ರಕ್ರಿಯೆ ತಾನಾಗಿ ಶುರುವಾಗುವಂತೆ ಮಾಡಲು ಬೇಕಾದ ದತ್ತಾಂಶವೆಲ್ಲ ರಾಜ್ಯದ ಬಳಿ ಆಗಲೇ ಇದೆ. ಇಲ್ಲದಿರುವುದು ಒಂದು ಇಲಾಖೆ ಇನ್ನೊಂದರ ಹೊಸ್ತಿಲು ದಾಟುವ ಮನಸ್ಸು.

ಜನರ ಕಡೆಯಿಂದಲೂ ಆಗಬೇಕಾದ್ದಿದೆ. ಗ್ರಾಮಸಭೆ, ಪಂಚಾಯಿತಿಯ ಲೆಕ್ಕವನ್ನು ಊರೆದುರು ಇಡುವ ಜಮಾಬಂದಿ, ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆ, ಇವೆಲ್ಲ ಕರ್ನಾಟಕದಲ್ಲಿ ಕಾನೂನಿನ ಬಲವಿರುವ ವೇದಿಕೆಗಳು. ರಸ್ತೆ, ಚರಂಡಿ, ಬೀದಿ ದೀಪಗಳ ಚರ್ಚೆಯ ನಡುವೆ ಅಲ್ಲಿ ಆನ್‌ಲೈನ್ ಸೇವೆಗಳ ಮಾತೂ ಬರಲಿ. ಈ ವರ್ಷ ಊರಿನಿಂದ ಎಷ್ಟು ಅರ್ಜಿ ಹೋದವು, ಎಷ್ಟು ತಿರಸ್ಕಾರಗೊಂಡವು, ಏಕೆ ಎಂದು ಒಬ್ಬರಾದರೂ ಎದ್ದು ಕೇಳಲಿ, ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಅರ್ಜಿ ಕೊಟ್ಟಾಗ ಸಿಕ್ಕ ಸ್ವೀಕೃತಿ ಚೀಟಿಯನ್ನು ಬಿಸಾಡದೆ ಇಟ್ಟುಕೊಳ್ಳಿ. ಗಡುವು ಮೀರಿದರೆ ಅಥವಾ ಸಕಾರಣವಿಲ್ಲದೆ ಅರ್ಜಿ ತಿರಸ್ಕಾರಗೊಂಡರೆ, ಅದರ ಮೇಲಿನ 15 ಅಂಕಿಗಳ ಸಂಖ್ಯೆ ಹಿಡಿದು ಸಕಾಲದಡಿ ಮೇಲ್ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬ ಅರ್ಜಿದಾರರಿಗೂ ಇದೆ.